ಗ್ರಾಫ್ ನಾರ್ಮಲ್, ಕಿವಿ ಮಾತ್ರ ಅಲ್ಲ

ಎಡಗಿವಿಯ ವಿಷಯ ನನಗೆ ಗೊತ್ತಾಗಿದ್ದು ಫೋನಿನಿಂದ. ಬಲಗೈಯಲ್ಲಿ ಏನೋ ಹಿಡಿದಿದ್ದೆ, ಹಾಗಾಗಿ ಫೋನನ್ನು ಎಡಗಿವಿಗೆ ಇಟ್ಟುಕೊಂಡೆ. ಆ ಕಡೆಯವರು ಬಾವಿಯೊಳಗೆ ಕೂತು ಮಾತಾಡಿದ ಹಾಗೆ ಕೇಳಿಸಿತು. ವಾಲ್ಯೂಮ್ ಜಾಸ್ತಿ ಮಾಡಿದೆ, ಆಗಲೂ ಅಷ್ಟೇ. ಬಲಗಿವಿಗೆ ಬದಲಿಸಿದ ಕೂಡಲೇ ಪಕ್ಕದಲ್ಲಿ ನಿಂತು ಕೂಗಿದಂತಾಯಿತು. ನೆಟ್‌ವರ್ಕಿಗೆ ಬೈದಿದ್ದೆ, ಪಾಪ ಅದರ ತಪ್ಪೇನೂ ಇರಲಿಲ್ಲ.

ಅಲ್ಲಿಂದ ನನ್ನ ಕಾಯಿಲೆಗೆ ಒಂದು ಹೆಸರು ಸಿಗುವವರೆಗೆ 14 ತಿಂಗಳು ಹಿಡಿಯಿತು. ಮೂರು ಕಡೆ ಪರೀಕ್ಷೆ, ಮೂರು ಬೇರೆ ಬೇರೆ ಉತ್ತರ. ಮೊದಲು ಕಿವಿಯೊಳಗೆ ನೀರು ಅಂದರು. ಆಮೇಲೆ ನರ ದುರ್ಬಲ ಅಂದರು. ಕೊನೆಗೆ ಗೊತ್ತಾಗಿದ್ದು ಎರಡೂ ಅಲ್ಲ, ಒಂದು ಪುಟ್ಟ ಮೂಳೆ ಅಂಟಿಕೊಂಡಿದೆ ಅಂತ. ಕಳೆದ ವಾರ ಕೊನೆಯ ರಿಪೋರ್ಟ್ ಕೈಗೆ ಬಂತು. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಟಿಂಪನೋಮೆಟ್ರಿ, ರಿಫ್ಲೆಕ್ಸ್, ಪಿಟಿಎ ಅಂತೆಲ್ಲ ಕಿವಿ ಪರೀಕ್ಷೆಗಳ ಹೆಸರು ಬರೆದ ಚೀಟಿ ಹಿಡಿದು ಕಾರಿಡಾರಿನಲ್ಲಿ ಕೂತಿರುವವರು ಯಾರಾದರೂ ಇದನ್ನು ಓದಬಹುದು.

ಮೊದಲ ಐದು ತಿಂಗಳು ನಾನು ಏನೂ ಮಾಡಲಿಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನೆಗಡಿ ಇರಬೇಕು ಅಂದುಕೊಂಡೆ. ಆದರೆ ಕೆಲವು ವಿಚಿತ್ರಗಳು ಕಣ್ಣಿಗೆ ಬೀಳುತ್ತಿದ್ದವು. ಗದ್ದಲ ಇರುವ ಜಾಗದಲ್ಲಿ ನನಗೆ ಎದುರಿನವರ ಮಾತು ಚೆನ್ನಾಗಿಯೇ ಕೇಳಿಸುತ್ತಿತ್ತು, ನಿಶ್ಶಬ್ದದ ಕೋಣೆಯಲ್ಲಿ ಪಿಸುಮಾತು ಮಾತ್ರ ತಪ್ಪಿಹೋಗುತ್ತಿತ್ತು. ಏನಾದರೂ ಅಗಿಯುವಾಗ ಕರಕರ ಶಬ್ದ ತಲೆ ತುಂಬಾ. "ನೀನೇಕೆ ಇಷ್ಟು ಮೆಲ್ಲಗೆ ಮಾತಾಡ್ತೀಯ?" ಅಂತ ತಮ್ಮ ಎರಡು ಮೂರು ಸಲ ಕೇಳಿದ. ನನಗೆ ನನ್ನ ದನಿ ಜೋರಾಗಿಯೇ ಕೇಳುತ್ತಿತ್ತು! ಇವೆಲ್ಲ ರೋಗದ ಸುಳಿವು ಅಂತ ಆಗ ಗೊತ್ತಿರಲಿಲ್ಲ. ನಿಮಗೂ ಹೀಗೆ ಆಗುತ್ತಿದ್ದರೆ ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ. ಡಾಕ್ಟರ ಮುಂದೆ ಕೂತಾಗ ನನ್ನ ಬಾಯಲ್ಲಿ ಬಂದಿದ್ದು "ಎಡಗಿವಿ ಮಂದ ಸರ್" ಅನ್ನುವ ಮೂರೇ ಪದ.

ಮೊದಲ ಕಡೆ ಕಾದಿದ್ದು ಎರಡೂವರೆ ಗಂಟೆ, ಪರೀಕ್ಷೆ ನಡೆದದ್ದು ನಾಲ್ಕು ನಿಮಿಷ. ಡಾಕ್ಟರು ಕಿವಿಯೊಳಗೆ ಒಂದು ಕ್ಷಣ ಇಣುಕಿ, "ಇಂಪಿಡೆನ್ಸ್ ಮಾಡಿಸಿ" ಅಂತ ಚೀಟಿ ಬರೆದರು. ಪಕ್ಕದ ಕೋಣೆಯಲ್ಲಿದ್ದ ಹುಡುಗಿ ರಬ್ಬರಿನ ಮೃದುವಾದ ಬಿರಡೆ ಇರುವ ಒಂದು ಕಡ್ಡಿಯನ್ನು ಕಿವಿಗೆ ಒತ್ತಿದಳು. ಒಳಗೆ ದುಂಬಿ ಗುಂಯ್‌ಗುಟ್ಟಿದಂತೆ ಒಂದು ಸ್ವರ, ಜೊತೆಗೆ ಲಿಫ್ಟಿನಲ್ಲಿ ಸರ್ರನೆ ಇಳಿದಾಗ ಆಗುವಂಥ ಒತ್ತಡ. ಮುಗಿಯಿತು. ನೋವಿಲ್ಲ. ಗುಂಡಿ ಒತ್ತುವುದಾಗಲೀ ಉತ್ತರ ಹೇಳುವುದಾಗಲೀ ಇಲ್ಲ. ಆ ಕೆಲವು ಸೆಕೆಂಡು ಉಗುಳು ನುಂಗಬಾರದು, ಮಾತಾಡಬಾರದು, ಅಷ್ಟೇ. ನಾನು ನುಂಗಿದೆ. ಅವಳು ಮತ್ತೊಮ್ಮೆ ಮಾಡಿದಳು.

ಚೀಟಿಯಲ್ಲಿ ಇಂಪಿಡೆನ್ಸ್ ಅಂತಿದ್ದರೂ ಆ ಕಡ್ಡಿಯ ಪರೀಕ್ಷೆಯ ಹೆಸರು ಟಿಂಪನೋಮೆಟ್ರಿ. ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಆಮೇಲೆ ಮೂರನೇ ಕಡೆಯ ಆಡಿಯಾಲಜಿಸ್ಟ್, ಅಂದರೆ ಕೇಳುವ ಶಕ್ತಿಯನ್ನು ಪರೀಕ್ಷಿಸುವವರು, ಕೂರಿಸಿಕೊಂಡು ಹೇಳಿದರು. ಮೊದಲೇ ಗೊತ್ತಿದ್ದಿದ್ದರೆ ನನ್ನ ಅರ್ಧ ಅಲೆದಾಟ ತಪ್ಪುತ್ತಿತ್ತು, ಹಾಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಆ ಕಡ್ಡಿಯಲ್ಲಿ ಮೂರು ಸಣ್ಣ ದಾರಿಗಳಿವೆ. ಒಂದರಿಂದ 226 ಹರ್ಟ್ಸ್‌ನ ಸ್ವರ ಒಳಗೆ ಹೋಗುತ್ತದೆ. ಇನ್ನೊಂದರಲ್ಲಿ ಮೈಕ್ ಕೂತು ಎಷ್ಟು ಶಬ್ದ ಹಿಂದಕ್ಕೆ ಬಂತು ಅಂತ ಆಲಿಸುತ್ತದೆ. ಮೂರನೆಯದು ಗಾಳಿಯ ಪಂಪು. ಪಂಪು ಕಿವಿಯೊಳಗಿನ ಒತ್ತಡವನ್ನು ಪ್ಲಸ್ 200 ಡೆಕಾಪಾಸ್ಕಲ್‌ನಿಂದ ಮೈನಸ್ 300, 400ರ ತನಕ ಇಳಿಸುತ್ತಾ ಹೋಗುತ್ತದೆ. ಕಿವಿತಮಟೆಯ ಎರಡೂ ಕಡೆ ಒತ್ತಡ ಸಮವಾದಾಗ ತಮಟೆ ಸಲೀಸಾಗಿ ಅಲುಗುತ್ತದೆ, ಶಬ್ದ ಒಳಗೆ ಹೋಗುತ್ತದೆ, ಹಿಂದಕ್ಕೆ ಬರುವುದು ಕಡಿಮೆ. ಗ್ರಾಫಿನಲ್ಲಿ ಅಲ್ಲೊಂದು ಗುಡ್ಡ ಮೂಡುತ್ತದೆ. ಗುಡ್ಡ ಸೊನ್ನೆಯ ಹತ್ತಿರ ಇದ್ದರೆ ಎ ಟೈಪ್. ಎಡಕ್ಕೆ, ಮೈನಸ್ ಒತ್ತಡದ ಕಡೆಗೆ ಸರಿದಿದ್ದರೆ ಸಿ ಟೈಪ್, ಅಂದರೆ ಮೂಗಿನ ಹಿಂಭಾಗದಿಂದ ಕಿವಿಗೆ ಗಾಳಿ ಒಯ್ಯುವ ಯೂಸ್ಟೇಶಿಯನ್ ನಾಳ ಸರಿಯಾಗಿ ತೆರೆಯುತ್ತಿಲ್ಲ. ಗುಡ್ಡವೇ ಇಲ್ಲದೆ ಮೈದಾನದಂತೆ ಚಪ್ಪಟೆ ಇದ್ದರೆ ಬಿ ಟೈಪ್. ಈ ಅಕ್ಷರಗಳನ್ನು ಚಾಲ್ತಿಗೆ ತಂದವರು ಅಮೆರಿಕದ ಜೇಮ್ಸ್ ಜರ್ಗರ್, 1970ರಲ್ಲಿ.

ನನ್ನ ಎಡಗಿವಿಯದು ಬಿ ಬಂತು. ಚಪ್ಪಟೆ. "ಒಳಗೆ ನೀರು ತುಂಬಿದೆ" ಅಂದರು. ಮೂಗಿಗೆ ಸ್ಪ್ರೇ, ನುಂಗಲು ಮಾತ್ರೆ, ನಾಲ್ಕು ವಾರ. ಕಡಿಮೆಯಾಗದಿದ್ದರೆ ತಮಟೆಗೆ ತೂತು ಮಾಡಿ ಗ್ರಾಮೆಟ್ ಅನ್ನುವ ಪುಟ್ಟ ಕೊಳವೆ ಹಾಕಬೇಕು ಅಂದರು. ನಾಲ್ಕು ವಾರ ಸ್ಪ್ರೇ ಹೊಡೆದುಕೊಂಡೆ. ಮೂಗು ಒಣಗಿತು, ಕಿವಿಯಲ್ಲಿ ಏನೂ ಬದಲಾಗಲಿಲ್ಲ. ಗ್ರಾಮೆಟ್‌ಗೆ ದಿನ ಕೂಡ ಗೊತ್ತುಮಾಡಿದ್ದರು.

ನಾನು ಯಾಕೆ ಹಿಂದೆ ಸರಿದೆ ಅಂತ ಕೇಳಿದರೆ ಬರೀ ಹೆದರಿಕೆಯಿಂದ. ಬುದ್ಧಿವಂತಿಕೆ ಅಂತ ಹೇಳಿಕೊಳ್ಳಲಾರೆ. ಕಿವಿಗೆ ತೂತು ಅಂದರೆ ಯಾರಿಗೆ ಭಯವಾಗಲ್ಲ? ಇನ್ನೊಬ್ಬರ ಅಭಿಪ್ರಾಯ ಕೇಳೋಣ ಅಂತ ಬೇರೆ ಕಡೆ ಹೋದೆ. ಅವರು ಆ ಗ್ರಾಫನ್ನು ತಿರುಗಿಸಿ ನೋಡಿ, ಮೂಲೆಯಲ್ಲಿದ್ದ ಒಂದು ಸಂಖ್ಯೆಯ ಮೇಲೆ ಬೆರಳಿಟ್ಟರು. ಇಸಿವಿ 0.3. "ಇದನ್ನು ಯಾರೂ ನೋಡಲಿಲ್ವಾ?" ಅಂದರು.

ಇಸಿವಿ ಅಂದರೆ ಕಡ್ಡಿಯ ತುದಿಯಿಂದ ತಮಟೆಯವರೆಗೆ ಇರುವ ಗಾಳಿಯ ಪ್ರಮಾಣ. ದೊಡ್ಡವರಲ್ಲಿ ಅದು ಸಾಮಾನ್ಯವಾಗಿ 0.6ರಿಂದ 1.5 ಮಿಲಿಲೀಟರ್ ಆಸುಪಾಸು. ಚಪ್ಪಟೆ ಗ್ರಾಫಿನ ಜೊತೆ ಈ ಸಂಖ್ಯೆ ಸರಿಯಾಗಿದ್ದರೆ ತಮಟೆಯ ಹಿಂದೆ ನೀರು ಇರಬಹುದು. ತೀರಾ ದೊಡ್ಡದಿದ್ದರೆ ತಮಟೆಯಲ್ಲಿ ತೂತು ಇರಬಹುದು, ಯಂತ್ರ ತಮಟೆಯ ಹಿಂದಿನ ಜಾಗವನ್ನೂ ಸೇರಿಸಿ ಅಳೆಯುತ್ತಿದೆ ಅಂತ ಅರ್ಥ. ತೀರಾ ಚಿಕ್ಕದಿದ್ದರೆ ಶಬ್ದ ತಮಟೆಯವರೆಗೆ ಹೋಗಿಯೇ ಇಲ್ಲ. ಒಂದೋ ಕಡ್ಡಿ ಕಿವಿಯ ಗೋಡೆಗೆ ಒತ್ತಿಕೊಂಡಿದೆ, ಇಲ್ಲವೇ ಮುಂದೆ ಗುಗ್ಗೆ ಕೂತಿದೆ. ನನ್ನದು ಗುಗ್ಗೆ! ಯಂತ್ರ ನಾಲ್ಕು ನಿಮಿಷ ನನ್ನ ಗುಗ್ಗೆಯನ್ನು ಅಳೆದಿತ್ತು, ಅದಕ್ಕೆ ನಾನು ನಾಲ್ಕು ವಾರ ಮೂಗಿಗೆ ಸ್ಪ್ರೇ ಹೊಡೆದುಕೊಂಡಿದ್ದೆ.

ಹಾಗಾಗಿ ಈ ಪರೀಕ್ಷೆಗೆ ಹೋಗುವವರಿಗೆ ಒಂದು ಮಾತು. ಕಡ್ಡಿ ಇಡುವ ಮುಂಚೆ ಕಿವಿಯೊಳಗೆ ಬೆಳಕು ಬಿಟ್ಟು ಯಾರಾದರೂ ಸರಿಯಾಗಿ ನೋಡಿದರೇ ಅಂತ ಗಮನಿಸಿ. ನೋಡದಿದ್ದರೆ ಕೇಳಿ, ನಾಚಿಕೆ ಬೇಡ. ಕಿವಿ ಸೋರುತ್ತಿದ್ದರೆ, ಜೋರು ನೋವಿದ್ದರೆ, ಈಚೆಗೆ ಕಿವಿಯ ಆಪರೇಷನ್ ಆಗಿದ್ದರೆ ಅದನ್ನೂ ಮೊದಲೇ ಹೇಳಿ. ಇನ್ನೊಂದು ಸಂಗತಿ, ಇದು ನನಗೆ ಸಂಬಂಧಿಸಿದ್ದಲ್ಲ, ಆದರೂ ಹೇಳಬೇಕು. ದೊಡ್ಡವರಿಗೆ ಒಂದೇ ಕಿವಿಯಲ್ಲಿ ನಿಜವಾಗಿಯೂ ನೀರು ತುಂಬಿ ಹೋಗದೆ ಉಳಿದರೆ ಮೂಗಿನ ಹಿಂಭಾಗವನ್ನು ಎಂಡೋಸ್ಕೋಪಿನಿಂದ ನೋಡಲೇಬೇಕಂತೆ, ಅಲ್ಲಿ ಗಡ್ಡೆ ಏನಾದರೂ ನಾಳವನ್ನು ಒತ್ತುತ್ತಿದೆಯಾ ಅಂತ. ಅದನ್ನು ನೋಡದೆ ಬರೀ ಗ್ರಾಮೆಟ್ ಅಂದರೆ "ಮೂಗಿನ ಹಿಂದೆ ನೋಡಿದ್ರಾ?" ಅಂತ ಕೇಳಿ.

ಎಣ್ಣೆಯಂಥ ಹನಿ ಹಾಕಿ ಒಂದು ವಾರ ಬಿಟ್ಟು ಗುಗ್ಗೆ ತೆಗೆದರು. ಆ ಸಂಜೆ ಎಷ್ಟು ಖುಷಿಯಾಗಿತ್ತು ಅಂದರೆ, ಎಡಗಿವಿಗೆ ಫೋನ್ ಇಟ್ಟುಕೊಂಡು ಸುಮ್ನೆ ನಾಲ್ಕು ಜನಕ್ಕೆ ಕಾಲ್ ಮಾಡಿದೆ. ಸ್ವಲ್ಪ ವಾಸಿ ಅನ್ನಿಸಿತು. ಎರಡು ದಿನ ಅದನ್ನೇ ನಂಬಿಕೊಂಡಿದ್ದೆ. ಮೂರನೇ ದಿನ ಮತ್ತದೇ ಬಾವಿ.

ಅದೇ ಎರಡನೇ ಕಡೆ ಮತ್ತೆ ಟಿಂಪನೋಮೆಟ್ರಿ ಆಯಿತು. ಈ ಸಲ ಎಡಕ್ಕೆ ಇಸಿವಿ 1.2, ಗುಡ್ಡ ಮೈನಸ್ 10ರಲ್ಲಿ, ಎತ್ತರ 0.4. ಬಲಕ್ಕೆ ಎತ್ತರ 0.7. 0.3ರಿಂದ 1.6ರೊಳಗೆ ಇದ್ದರೆ ಸರಿ ಅಂತ ಲೆಕ್ಕ, ಹಾಗಾಗಿ ಎರಡೂ ಎ ಟೈಪ್. "ನಿಮ್ಮ ಮಧ್ಯಕಿವಿ ಪರ್ಫೆಕ್ಟ್" ಅಂದರು. ತಮಟೆಯ ಹಿಂದಿನ ಜಾಗಕ್ಕೆ ಮಧ್ಯಕಿವಿ ಅನ್ನುತ್ತಾರೆ.

ಆಮೇಲೆ ಹೆಡ್‌ಫೋನ್ ಹಾಕಿಸಿ ಪಿಟಿಎ, ಅಂದರೆ ಪ್ಯೂರ್ ಟೋನ್ ಆಡಿಯೊಮೆಟ್ರಿ ಮಾಡಿದರು. ಬೀಪ್ ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಬಲಗಿವಿ ಚೆನ್ನಾಗಿತ್ತು. ಎಡಗಿವಿಯ ಸರಾಸರಿ 45 ಡೆಸಿಬಲ್ ಬಂತು, ಅಂದರೆ ಬೀಪ್ ಅಷ್ಟು ಜೋರಾದ ಮೇಲೆಯೇ ಕೇಳಿಸುತ್ತಿತ್ತು. ನಂತರ ಒಎಇ ಅನ್ನುವ ಇನ್ನೊಂದು ಪರೀಕ್ಷೆ. ಒಳಗಿವಿಯ ಸೂಕ್ಷ್ಮ ಕೂದಲುಕೋಶಗಳು ಶಬ್ದ ಕೇಳಿದಾಗ ತಾವೂ ಸಣ್ಣದೊಂದು ಪ್ರತಿಧ್ವನಿ ಹೊರಗೆ ಕಳಿಸುತ್ತವೆ, ಅದನ್ನು ಮೈಕ್ ಹಿಡಿಯುತ್ತದೆ. 1978ರಲ್ಲಿ ಡೇವಿಡ್ ಕೆಂಪ್ ಇದನ್ನು ತೋರಿಸಿಕೊಟ್ಟರು, ಈಗ ಎಷ್ಟೋ ಕಡೆ ಹುಟ್ಟಿದ ಮಕ್ಕಳಿಗೆಲ್ಲ ಮಾಡುತ್ತಾರೆ. ನನ್ನ ಎಡಗಿವಿಯಿಂದ ಪ್ರತಿಧ್ವನಿ ಬರಲಿಲ್ಲ.

ಲೆಕ್ಕ ಅವರಿಗೆ ನೇರವಾಗಿ ಕಂಡಿತು. ಮಧ್ಯಕಿವಿ ಸರಿ ಇದೆ, ಕೇಳಿಸುವುದು ಕಡಿಮೆ, ಪ್ರತಿಧ್ವನಿ ಇಲ್ಲ. ಅಲ್ಲಿಗೆ ತೊಂದರೆ ಒಳಗಿವಿ ಅಥವಾ ನರದಲ್ಲಿ. "ನರದ ದೌರ್ಬಲ್ಯ, ಇದು ವಾಪಸ್ ಬರಲ್ಲ" ಅಂದರು. ಮೂರು ತಿಂಗಳಿಗೆ ವಿಟಮಿನ್ ಮಾತ್ರೆ ಬರೆದು, ಆಮೇಲೆ ಎಂಆರ್‌ಐ ಮಾಡಿಸಲು ಹೇಳಿದರು. ಒಂದೇ ಕಡೆ ನರದ ತೊಂದರೆ ಅಂದರೆ ಎಂಆರ್‌ಐ ಕೇಳುವುದು ಸರಿಯೇ, ನರದ ಮೇಲೆ ಗಡ್ಡೆ ಇದೆಯಾ ಅಂತ ನೋಡಲು. ಆದರೆ "ಗಡ್ಡೆ" ಅನ್ನುವ ಪದ ಕಿವಿಗೆ ಬಿದ್ದ ಮೇಲೆ ನನಗೆ ರಾತ್ರಿ ನಿದ್ದೆ ಬಂದರೆ ಕೇಳಿ. ಆ ಮೂರು ತಿಂಗಳು ನನ್ನ ಜೀವನದ ಕೆಟ್ಟ ತಿಂಗಳುಗಳಲ್ಲಿ ಸೇರುತ್ತವೆ. ಕಿವಿಯಲ್ಲಿ ಸಣ್ಣಗೆ ಒಂದು ಮೊರೆತ ಬೇರೆ ಶುರುವಾಗಿತ್ತು, ಅಥವಾ ಮೊದಲಿಂದಲೇ ಇದ್ದದ್ದು ಈಗ ಗಮನಕ್ಕೆ ಬಂತೋ ಏನೋ.

ಮೂರನೇ ಕಡೆ ಹೋಗಿದ್ದು ಎಂಆರ್‌ಐಗೆ ಮುಂಚೆ ಇನ್ನೊಂದು ಸಲ ತೋರಿಸಿಬಿಡು ಅಂತ ಅಮ್ಮ ಒತ್ತಾಯ ಮಾಡಿದ್ದಕ್ಕೆ. ವಯಸ್ಸಾದ ಇಎನ್‌ಟಿ ಡಾಕ್ಟರು. ನನ್ನ ಫೈಲನ್ನು ಮುಟ್ಟಲೇ ಇಲ್ಲ. ಡ್ರಾಯರಿನಿಂದ ಒಂದು ಶ್ರುತಿಕವೆ, ಅಂದರೆ ಟ್ಯೂನಿಂಗ್ ಫೋರ್ಕ್ ತೆಗೆದರು. ಶಾಲೆಯ ಪ್ರಯೋಗಶಾಲೆಯಲ್ಲಿ ನೋಡಿದ್ದು ಬಿಟ್ಟರೆ ನಾನದನ್ನು ಮತ್ತೆ ನೋಡಿರಲಿಲ್ಲ. 512 ಹರ್ಟ್ಸ್‌ನದು. ಅದನ್ನು ಬಡಿದು ಹಣೆಯ ನಡುವೆ ಇಟ್ಟು "ಯಾವ ಕಡೆ ಕೇಳ್ತಿದೆ?" ಅಂದರು.

"ಎಡಕ್ಕೆ," ಅಂದೆ. ಅಂದ ಮೇಲೆ ನಾನೇ ಬೆರಗಾದೆ. ಕೇಳಿಸದ ಕಿವಿಯಲ್ಲಿ ಜೋರಾಗಿ ಕೇಳಿಸುತ್ತಿತ್ತು.

ಆಮೇಲೆ ಕಿವಿಯ ಹಿಂದಿನ ಮೂಳೆಗೆ ಒತ್ತಿ, ನಂತರ ಕಿವಿಯ ಮುಂದೆ ಹಿಡಿದು, ಯಾವುದು ಜೋರು ಅಂತ ಕೇಳಿದರು. ಬಲಕ್ಕೆ ಗಾಳಿಯಲ್ಲಿ ಹಿಡಿದದ್ದು ಜೋರು. ಎಡಕ್ಕೆ ಮೂಳೆಗೆ ಒತ್ತಿದ್ದು ಜೋರು. ಒಂದು ನಿಮಿಷವೂ ಆಗಿರಲಿಲ್ಲ. "ನಿಮ್ಮ ನರಕ್ಕೇನೂ ಆಗಿಲ್ಲ ಅನ್ಸುತ್ತೆ. ಶಬ್ದ ದಾರಿಯಲ್ಲಿ ಎಲ್ಲೋ ಸಿಕ್ಕಿಹಾಕ್ಕೊಂಡಿದೆ" ಅಂದರು. ನರ ಕೆಟ್ಟಿದ್ದರೆ ಹಣೆಯ ಶಬ್ದ ಒಳ್ಳೆಯ ಕಿವಿಯ ಕಡೆಗೆ ಹೋಗಬೇಕಿತ್ತು. ದಾರಿ ಕಟ್ಟಿದ್ದರೆ ಕೆಟ್ಟ ಕಿವಿಯ ಕಡೆಗೆ ಬರುತ್ತದೆ. ವೆಬರ್ ಮತ್ತು ರಿನ್ನೆ ಅಂತ ಇವುಗಳ ಹೆಸರು, ಎರಡೂ 19ನೇ ಶತಮಾನದವು. ಬೇಕಿದ್ದರೆ ಮನೆಯಲ್ಲೇ ನೋಡಿ. ಒಂದು ಕಿವಿಗೆ ಬೆರಳಿಟ್ಟು ಮುಚ್ಚಿ "ಮ್‌ಮ್" ಅನ್ನಿ. ಮುಚ್ಚಿದ ಕಡೆಯೇ ಜೋರಾಗಿ ಕೇಳುತ್ತದೆ.

ನನಗೆ ಅಳು ಬಂದಿತ್ತು. ಕೋಪವೂ ಬಂದಿತ್ತು. ಅಷ್ಟು ಯಂತ್ರ, ಅಷ್ಟು ಬಿಲ್ಲು, ಕೊನೆಗೆ ದಾರಿ ತೋರಿಸಿದ್ದು ಒಂದು ಕಬ್ಬಿಣದ ಕವೆ!

ಆದರೆ ಕವೆ ದಾರಿ ತೋರಿಸುತ್ತದೆಯೇ ಹೊರತು ಜಾಗ ಹೇಳುವುದಿಲ್ಲ. ಅದಕ್ಕೆ ಮತ್ತೆ ಯಂತ್ರಗಳೇ ಬೇಕು. ಡಾಕ್ಟರು ಆಡಿಯಾಲಜಿಸ್ಟ್‌ಗೆ ಚೀಟಿ ಬರೆದರು. ಏನು ಬರೆದಿದ್ದರು ಅನ್ನುವುದನ್ನು ನೋಡಿಕೊಳ್ಳಿ, ಇದೇ ಮುಖ್ಯ: ಮಾಸ್ಕಿಂಗ್ ಜೊತೆ ಏರ್ ಮತ್ತು ಬೋನ್, ಟಿಂಪನೋಮೆಟ್ರಿ, ಎರಡೂ ಕಡೆಯ ಅಕೌಸ್ಟಿಕ್ ರಿಫ್ಲೆಕ್ಸ್. ಒಂದೊಂದೂ ಏನು ಅಂತ ಮುಂದೆ ಹೇಳುತ್ತೇನೆ. ಹಿಂದಿನ ಎರಡೂ ಕಡೆ ಬೋನ್ ಕೂಡ ಮಾಡಿರಲಿಲ್ಲ, ರಿಫ್ಲೆಕ್ಸ್ ಕೂಡ ಮಾಡಿರಲಿಲ್ಲ. ಆಮೇಲೆ ಹಳೆಯ ಬಿಲ್ಲು ತೆಗೆದು ನೋಡಿದೆ. ಒಂದರಲ್ಲಿ ರಿಫ್ಲೆಕ್ಸಿಗೂ ದುಡ್ಡು ಹಿಡಿದಿದ್ದರು! ರಿಪೋರ್ಟಿನಲ್ಲಿ ಆ ಚೌಕಗಳು ಖಾಲಿ. ಕೆಲವು ಕಡೆ ಇಂಪಿಡೆನ್ಸ್ ಅಂದರೆ ರಿಫ್ಲೆಕ್ಸೂ ಸೇರಿ ಒಂದೇ ದರ, ಕೆಲವು ಕಡೆ ಪ್ರತಿಯೊಂದಕ್ಕೂ ಬೇರೆ ಬೇರೆ. ದುಡ್ಡು ಕಟ್ಟುವ ಮುಂಚೆ ಯಾವ್ಯಾವುದು ಸೇರಿದೆ ಅಂತ ಕೇಳಿ, ಮುಗಿದ ಮೇಲೆ ಅಷ್ಟೂ ಆಗಿದೆಯಾ ಅಂತ ರಿಪೋರ್ಟಿನಲ್ಲಿ ನೋಡಿ. ನನಗೆ ಒಟ್ಟು ಖರ್ಚಾದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ತಪ್ಪು ಉತ್ತರಗಳಿಗೆ.

ಮೂರನೇ ಪರೀಕ್ಷೆ ಒಂದು ಗಂಟೆಗೂ ಮೀರಿ ನಡೆಯಿತು. ಸದ್ದಿಲ್ಲದ ಪೆಟ್ಟಿಗೆಯಂಥ ಕೋಣೆ. ಬಾಗಿಲು ಮುಚ್ಚಿದರೆ ನಮ್ಮ ಎದೆಬಡಿತ ನಮಗೇ ಕೇಳಿಸುತ್ತದೆ. ಮೊದಲು ಹೆಡ್‌ಫೋನ್, 250ರಿಂದ 8000 ಹರ್ಟ್ಸ್‌ವರೆಗೆ. ಮೊರೆತ ಇದ್ದವರಿಗೆ ಇದು ಪೀಕಲಾಟ, ಬೀಪ್ ಯಾವುದು, ಕಿವಿಯ ಮೊರೆತ ಯಾವುದು ಗೊತ್ತಾಗುವುದಿಲ್ಲ. ಹೇಳಿದೆ. ಒಂದೇ ಉದ್ದ ಸ್ವರದ ಬದಲು ಪುಟಿಯುವ ಸ್ವರ ಹಾಕಿದರು, ಸುಲಭವಾಯಿತು. ಗುಂಡಿ ಒತ್ತದೆ ಇದ್ದರೆ ಸೋತ ಹಾಗೆ ಅನ್ನಿಸಿ ಅಂದಾಜಿನಲ್ಲಿ ಒತ್ತುವ ಆಸೆ ಬರುತ್ತದೆ. ಒತ್ತಬೇಡಿ. ಇದು ಪಾಸಾಗುವ ಪರೀಕ್ಷೆ ಅಲ್ಲ.

ಆಮೇಲೆ ಕಿವಿಯ ಹಿಂದಿನ ಮೂಳೆಯ ಮೇಲೆ ಒಂದು ಸಣ್ಣ ಕಂಪಕ ಇಟ್ಟು ಬಿಗಿಯಾದ ಪಟ್ಟಿ ಹಾಕಿದರು. ಕನ್ನಡಕ ತೆಗೆಯಬೇಕು, ಕೂದಲು ಸರಿಸಬೇಕು, ಇಲ್ಲದಿದ್ದರೆ ಜಾರುತ್ತದೆ. ಇದು ತಮಟೆ ಮತ್ತು ಮೂಳೆಗಳನ್ನು ಬಿಟ್ಟು ಶಬ್ದವನ್ನು ತಲೆಬುರುಡೆಯ ಮೂಲಕ ನೇರ ಒಳಗಿವಿಗೆ ಮುಟ್ಟಿಸುತ್ತದೆ. ತೊಂದರೆ ಏನೆಂದರೆ ಬುರುಡೆ ಒಂದೇ, ಎಡಕ್ಕೆ ಕೊಟ್ಟಿದ್ದು ಬಲಕ್ಕೂ ಹೋಗುತ್ತದೆ. ಹಾಗಾಗಿ ಬಲಗಿವಿಗೆ ಸುಯ್ಯೆನ್ನುವ ಸದ್ದು ತುಂಬಿಸಿ ಅದನ್ನು ಬೇರೆ ಕೆಲಸದಲ್ಲಿ ಇಡುತ್ತಾರೆ. ಮಾಸ್ಕಿಂಗ್ ಅಂದರೆ ಅದೇ. ಸುಯ್ಯೆನ್ನುವುದನ್ನು ಲೆಕ್ಕಕ್ಕೆ ತಗೊಳ್ಳದೆ ಬೀಪಿಗೆ ಮಾತ್ರ ಒತ್ತಬೇಕು. ಸುಸ್ತಾಗುತ್ತದೆ. ಮಧ್ಯೆ ಬಿಡುವು ಕೇಳಿದೆ, ಕೊಟ್ಟರು.

ಗ್ರಾಫಿನಲ್ಲಿ ಎರಡು ಗೆರೆಗಳು ದೂರ ದೂರ ನಿಂತವು. 500 ಹರ್ಟ್ಸ್‌ನಲ್ಲಿ ಗಾಳಿಯಿಂದ 50 ಡೆಸಿಬಲ್, ಮೂಳೆಯಿಂದ 10. ನಲವತ್ತರ ಅಂತರ. ಅಂದರೆ ಒಳಗಿವಿ ಆರಾಮಾಗಿದೆ, ದಾರಿಯಲ್ಲೇ ನಲವತ್ತು ಡೆಸಿಬಲ್ ಕಳೆದುಹೋಗುತ್ತಿದೆ. ಎರಡನೇ ಕಡೆ ಈ ಎರಡನೇ ಗೆರೆಯನ್ನು ಎಳೆದಿದ್ದರೆ ನನ್ನ ಮೂರು ತಿಂಗಳ ನಿದ್ದೆ ಉಳಿಯುತ್ತಿತ್ತು. ಒಂದು ವಿಚಿತ್ರವೂ ಇತ್ತು. 2000 ಹರ್ಟ್ಸ್‌ನಲ್ಲಿ ಮಾತ್ರ ಮೂಳೆಯ ಗೆರೆ 25ಕ್ಕೆ ತಗ್ಗಿತ್ತು (ಈ ಗ್ರಾಫಿನಲ್ಲಿ ಸಂಖ್ಯೆ ಏರಿದಷ್ಟೂ ಗೆರೆ ಕೆಳಗಿಳಿಯುತ್ತದೆ). ಆಡಿಯಾಲಜಿಸ್ಟ್ ಅದನ್ನು ನೋಡಿ "ಓ" ಅಂದರು, ಬೇರೇನೂ ಹೇಳಲಿಲ್ಲ. ಆ "ಓ" ನನ್ನನ್ನು ಹತ್ತು ನಿಮಿಷ ಒದ್ದಾಡಿಸಿತು.

ಟಿಂಪನೋಮೆಟ್ರಿ ಮತ್ತೆ ಎ ಟೈಪ್. ನನ್ನ ಮುಖ ಬಾಡಿರಬೇಕು. "ಇದು ನಾರ್ಮಲ್ ಬಂದರೆ ಮಧ್ಯಕಿವಿ ನಾರ್ಮಲ್ ಅಂತ ಅಲ್ಲ" ಅಂದರು. ಆ ಯಂತ್ರ ನೋಡುವುದು ಹೆಚ್ಚಾಗಿ ತಮಟೆ ಎಷ್ಟು ಅಲುಗುತ್ತದೆ ಅನ್ನುವುದನ್ನು. ತಮಟೆಯ ಹಿಂದೆ ಸುತ್ತಿಗೆ, ಅಡಿಗಲ್ಲು, ರಿಕಾಪು ಅಂತ ಮೂರು ಮೂಳೆಗಳು ಕೀಲುಗಳಿಂದ ಜೋಡಿಕೊಂಡಿವೆ. ಕೊನೆಯ ರಿಕಾಪು ಬಿಗಿದುಹೋಗಿದ್ದರೂ ಮುಂದಿನ ಕೀಲುಗಳು ಬಾಗುವುದರಿಂದ ತಮಟೆ ತನ್ನ ಪಾಡಿಗೆ ಅಲುಗುತ್ತಿರುತ್ತದೆ. ಬಾಗಿಲಿಗೆ ಬೀಗ ಬಿದ್ದಿದ್ದರೂ ಮುಂದಿನ ಪರದೆ ಗಾಳಿಗೆ ಆಡುವುದಿಲ್ವಾ, ಹಾಗೆ. ಗುಡ್ಡ ಸ್ವಲ್ಪ ಗಿಡ್ಡವಾಗಬಹುದು ಅಷ್ಟೇ. ನನ್ನ 0.4 ಹಾಗೆ ಗಿಡ್ಡದ್ದು, ಆದರೆ ನಾರ್ಮಲ್ ಬೇಲಿಯೊಳಗೇ ಇತ್ತು.

ಕೊನೆಯದು ರಿಫ್ಲೆಕ್ಸ್. ಅದೇ ಕಡ್ಡಿ, ಅದೇ ಗುಂಯ್. ಅದರ ಮೇಲೆ ಇದ್ದಕ್ಕಿದ್ದಂತೆ ಜೋರಾದ ಬೀಪ್‌ಗಳು, 80, 85, 90, ಹೀಗೆ ಏರುತ್ತಾ ಹೋಗುತ್ತವೆ. ಮೊದಲನೆಯದಕ್ಕೆ ಬೆಚ್ಚಿಬಿದ್ದೆ. ಮೊದಲೇ ಹೇಳಿದ್ದರು, ಆದರೂ. ರಿಕಾಪು ಮೂಳೆಗೆ ಒಂದು ಪುಟಾಣಿ ಸ್ನಾಯು ಅಂಟಿಕೊಂಡಿದೆ. ಜೋರು ಶಬ್ದ ಬಂದರೆ ಅದು ತಾನಾಗಿ ಸೆಟೆದು ಮೂಳೆಯನ್ನು ಎಳೆಯುತ್ತದೆ, ಒಂದು ಕಿವಿಗೆ ಶಬ್ದ ಬಿದ್ದರೂ ಎರಡೂ ಕಡೆ. ಸರಿಯಿರುವ ಕಿವಿಯಲ್ಲಿ 70ರಿಂದ 100 ಡೆಸಿಬಲ್ ಒಳಗೆ ಇದು ಆಗುತ್ತದೆ. ಎಳೆದಾಗ ತಮಟೆ ಕ್ಷಣಹೊತ್ತು ಬಿಗಿಯಾಗಿ ಗ್ರಾಫಿನಲ್ಲಿ ಒಂದು ತಗ್ಗು ಬೀಳುತ್ತದೆ. ಮೂಳೆ ಅಂಟಿಕೊಂಡಿದ್ದರೆ ಸ್ನಾಯು ಎಷ್ಟು ಎಳೆದರೂ ಏನೂ ಅಲುಗದು, ಗೆರೆ ನೇರವಾಗಿಯೇ ಇರುತ್ತದೆ.

ಪರದೆಯ ಮೇಲೆ ನಾಲ್ಕು ಚೌಕ. ಬಲಕ್ಕೆ ಶಬ್ದ ಕೊಟ್ಟು ಬಲದಲ್ಲಿ ಅಳೆದಾಗ ಚಂದದ ತಗ್ಗು. ಬಲಕ್ಕೆ ಕೊಟ್ಟು ಎಡದಲ್ಲಿ ಅಳೆದರೆ ಇಲ್ಲ. ಎಡಕ್ಕೆ ಕೊಟ್ಟು ಎಡದಲ್ಲಿ, ಇಲ್ಲ. ಎಡಕ್ಕೆ ಕೊಟ್ಟು ಬಲದಲ್ಲಿ ಅಳೆದರೂ ಇಲ್ಲ, ಏಕೆಂದರೆ ಶಬ್ದ ಆ ಕಟ್ಟಿದ ದಾರಿ ದಾಟಿ ಸ್ನಾಯುವನ್ನು ಕೆಣಕುವಷ್ಟು ಜೋರಾಗಿ ಒಳಗೆ ತಲುಪುವುದೇ ಇಲ್ಲ. ಮೂರು ಇಲ್ಲ, ಒಂದು ಹೌದು.

ಡಾಕ್ಟರು ಈ ಸಲ ಫೈಲನ್ನು ಮುಟ್ಟಿದರು. ಓಟೋಸ್ಕ್ಲೆರೋಸಿಸ್ ಅಂದರು. ಒಳಗಿವಿಯ ಕಿಟಕಿಯ ಅಂಚಿನಲ್ಲಿ ಮೂಳೆ ಬೇಡದ ರೀತಿಯಲ್ಲಿ ಬೆಳೆದು ರಿಕಾಪಿನ ಪಾದವನ್ನು ಹಿಡಿದುಬಿಡುತ್ತದೆ. ಹೆಂಗಸರಲ್ಲಿ ಜಾಸ್ತಿ, ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನಲ್ಲಿ ಗೊತ್ತಾಗುತ್ತದೆ, ಮನೆತನದಲ್ಲಿ ಹರಿದು ಬರುವುದೂ ಉಂಟು. ನನಗೆ 36. "ಮನೆಯಲ್ಲಿ ಯಾರಿಗಾದರೂ ಕಿವಿ ಮಂದವಿತ್ತಾ?" ಅಂದಾಗ ಅಮ್ಮ ತಟ್ಟನೆ ದೊಡ್ಡಮ್ಮನ ಹೆಸರು ಹೇಳಿದರು. ದೊಡ್ಡಮ್ಮನಿಗೆ ನಲವತ್ತಕ್ಕೇ ಕೇಳಿಸುತ್ತಿರಲಿಲ್ಲ. ಎಲ್ಲರೂ ಗಮನ ಕೊಡಲ್ಲ ಅಂತ ಅವರನ್ನೇ ಬೈಯುತ್ತಿದ್ದರು. ಗದ್ದಲದಲ್ಲಿ ಚೆನ್ನಾಗಿ ಕೇಳಿಸುವುದು, ಮೆಲ್ಲಗೆ ಮಾತಾಡುವುದು, ಅಗಿದರೆ ತಲೆ ತುಂಬ ಶಬ್ದ, ಎಲ್ಲವೂ ಇದರದ್ದೇ. 2000 ಹರ್ಟ್ಸ್‌ನ ಆ ತಗ್ಗಿಗೆ ಕಾರ್ಹಾರ್ಟ್ ನಾಚ್ ಅಂತ ಹೆಸರು. ಒಳಗಿವಿಗೆ ಏಟಾಗಿದೆ ಅಂತ ಅಲ್ಲ, ಮೂಳೆ ಬಿಗಿದುಕೊಂಡಾಗ ಅಳತೆಯಲ್ಲಿ ಹಾಗೆ ಕಾಣುತ್ತದಂತೆ. "ಓ" ಅಂದಿದ್ದು ಅದಕ್ಕೆ.

ಹಾಗಾದರೆ ಒಎಇ ಯಾಕೆ ಬರಲಿಲ್ಲ ಅಂತ ಕೇಳಿದೆ. ಶಬ್ದ ಒಳಗೆ ಹೋಗಬೇಕಾದ್ದೂ ಪ್ರತಿಧ್ವನಿ ಹೊರಗೆ ಬರಬೇಕಾದ್ದೂ ಅದೇ ಮೂರು ಮೂಳೆಗಳ ಮೇಲಿಂದ. ದಾರಿ ಮುಚ್ಚಿದ್ದರೆ ಕೂದಲುಕೋಶಗಳು ಎಷ್ಟೇ ಚೆನ್ನಾಗಿದ್ದರೂ ಸುದ್ದಿ ಆಚೆ ಬರುವುದಿಲ್ಲ. ಹಾಗಾಗಿ ಒಎಇ ಬರಲಿಲ್ಲ ಅಂದ ಮಾತ್ರಕ್ಕೆ ನರವನ್ನು ದೂರುವ ಹಾಗಿಲ್ಲ.

ಡಾಕ್ಟರು ಕೇಳಿದ ಕೆಲವು ಪ್ರಶ್ನೆ ಆಗ ನಗು ತರಿಸಿದ್ದವು. ಕಣ್ಣುಗುಡ್ಡೆ ತಿರುಗುವ ಸದ್ದು ಕೇಳುತ್ತಾ? ಜೋರು ಶಬ್ದಕ್ಕೆ ತಲೆ ಸುತ್ತುತ್ತಾ? ಹೆಜ್ಜೆ ಇಟ್ಟರೆ ತಲೆಯೊಳಗೆ ಧಡ್ ಅನ್ನುತ್ತಾ? ಒಳಗಿವಿಯ ಅರ್ಧವೃತ್ತ ನಾಳದ ಮೇಲಿನ ಮೂಳೆ ಸವೆದು ತೂತಾದರೂ ಆಡಿಯೊಗ್ರಾಮಿನಲ್ಲಿ ಇದೇ ತರ ಅಂತರ ಕಾಣುತ್ತದಂತೆ. ಆದರೆ ಅದರಲ್ಲಿ ಸಾಮಾನ್ಯವಾಗಿ ರಿಫ್ಲೆಕ್ಸ್ ಇರುತ್ತದೆ. ರಿಫ್ಲೆಕ್ಸ್ ಮಾಡದೆ ನೇರ ರಿಕಾಪಿನ ಆಪರೇಷನ್‌ಗೆ ಇಳಿದರೆ ಸರಿಯಿರುವ ಮೂಳೆಯನ್ನು ಕತ್ತರಿಸಿದಂತಾಗಬಹುದು. ಇದನ್ನು ಕೇಳಿದ ಮೇಲೆ ಮೂರು ಇಲ್ಲ, ಒಂದು ಹೌದು ಅನ್ನುವ ಆ ಕಾಗದವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದೆ. ಅಂದ ಹಾಗೆ, ಟಿಂಪನೋಮೀಟರಿನ ಎಷ್ಟೋ ಪ್ರಿಂಟುಗಳು ರಸೀದಿಯಂಥ ಶಾಖದ ಕಾಗದದಲ್ಲಿರುತ್ತವೆ. ನನ್ನ ಮೊದಲ ಬಿ ಟೈಪ್ ಗ್ರಾಫು ಈಗಾಗಲೇ ಅರ್ಧ ಮಾಸಿದೆ. ಅವತ್ತೇ ಫೋಟೋ ತೆಗೆದಿಟ್ಟುಕೊಳ್ಳಿ, ಸಂಖ್ಯೆಗಳೂ ತಾರೀಖೂ ಕಾಣುವ ಹಾಗೆ. "ರಿಪೋರ್ಟ್ ನಾರ್ಮಲ್" ಅಂತ ಒಂದೇ ಸಾಲಿನ ಚೀಟಿ ಕೊಟ್ಟರೆ ಒಪ್ಪಬೇಡಿ, ಗ್ರಾಫನ್ನೇ ಕೇಳಿ.

ಪುಟ್ಟ ಮಕ್ಕಳ ತಂದೆತಾಯಿಯರಿಗೆ ಒಂದು ವಿಷಯ. ಆರು ತಿಂಗಳೊಳಗಿನ ಕೂಸಿಗೆ 226 ಹರ್ಟ್ಸ್ ಸ್ವರ ಸರಿ ಹೋಗುವುದಿಲ್ಲ, 1000 ಹರ್ಟ್ಸ್ ಬಳಸಬೇಕು. ಅಷ್ಟು ಎಳೆಯ ಕಿವಿಯ ಗೋಡೆಗಳೇ ಮೆತ್ತಗೆ ಅಲುಗುವುದರಿಂದ ಒಳಗೆ ನೀರಿದ್ದರೂ ಗುಡ್ಡ ಬಂದುಬಿಡುತ್ತದೆ. ನಾನು ಕಾಯುತ್ತಿದ್ದಾಗ ಪಕ್ಕದಲ್ಲಿ ಕೂಸು ಎತ್ತಿಕೊಂಡಿದ್ದ ಒಬ್ಬ ತಾಯಿಗೆ ಆಡಿಯಾಲಜಿಸ್ಟ್ ಹೀಗೆ ವಿವರಿಸುತ್ತಿದ್ದರು, ನಾನು ಕದ್ದು ಕೇಳಿಸಿಕೊಂಡೆ. ಬಲಗಿವಿಯಲ್ಲಿ.

ಸಿಟಿ ಸ್ಕ್ಯಾನ್ ಆಯಿತು. ಕಿಟಕಿಯ ಮುಂಭಾಗದಲ್ಲಿ ಮೂಳೆ ಸ್ವಲ್ಪ ತೆಳುವಾಗಿ ಕಂಡಿತು, ಆ ಅರ್ಧವೃತ್ತ ನಾಳದ ಮೇಲೆ ತೂತಿರಲಿಲ್ಲ. ಎಂಆರ್‌ಐ ಬೇಡವಾಯಿತು.

ಆಪರೇಷನ್ ಇದೆ. ರಿಕಾಪಿನ ಮೇಲ್ಭಾಗ ತೆಗೆದು, ಪಾದಕ್ಕೆ ಸಣ್ಣ ತೂತು ಕೊರೆದು, ಒಂದು ಕೃತಕ ಕಡ್ಡಿ ಕೂರಿಸುತ್ತಾರೆ. 1956ರಲ್ಲಿ ಜಾನ್ ಶೇ ಮಾಡಿ ತೋರಿಸಿದ ದಾರಿಯಿಂದ ಬೆಳೆದು ಬಂದದ್ದು. ಬಹಳ ಜನಕ್ಕೆ ಚೆನ್ನಾಗಿ ಕೇಳಿಸುತ್ತದೆ, ಸುಮಾರು ನೂರಕ್ಕೆ ಒಬ್ಬರಿಗೆ ಆ ಕಿವಿ ಪೂರ್ತಿ ಹೋಗುವ ಅಪಾಯವೂ ಇದೆ. ಆ ಒಬ್ಬಳು ನಾನೇ ಆಗಿಬಿಟ್ಟರೆ ಅನ್ನುವ ಯೋಚನೆ ಇನ್ನೂ ಬಿಟ್ಟಿಲ್ಲ. ಅವಸರವಿಲ್ಲ ಅಂದರು. ಸದ್ಯಕ್ಕೆ ಶ್ರವಣಯಂತ್ರ ಹಾಕಿ ನೋಡುತ್ತಿದ್ದೇನೆ. ಒಳಗಿವಿ ಚೆನ್ನಾಗಿರುವುದರಿಂದ ಶಬ್ದ ಜೋರು ಮಾಡಿದರೆ ಸಾಕು, ಮಾತು ಸ್ಪಷ್ಟವಾಗಿಯೇ ಇರುತ್ತದೆ. ಮೊದಲ ದಿನ ಎಡಗಡೆಯಿಂದ ನನ್ನದೇ ಬಟ್ಟೆಯ ಸರಪರ ಕೇಳಿ ಯಾರೋ ಹಿಂದೆ ಬಂದರು ಅಂತ ತಿರುಗಿ ನೋಡಿದೆ. ಆರು ತಿಂಗಳಿಗೆ ಮತ್ತೆ ಪಿಟಿಎ, ಎರಡೂ ಕಿವಿಗೆ, ಏಕೆಂದರೆ ಇದು ಬಹಳಷ್ಟು ಜನರಲ್ಲಿ ಇನ್ನೊಂದು ಕಿವಿಗೂ ಬರುತ್ತದೆ.

ಮನೆತನದ ವಿಷಯ ಅಂದ ಮೇಲೆ ತಮ್ಮನೂ ಮೊನ್ನೆ ಪರೀಕ್ಷೆ ಮಾಡಿಸಿಕೊಂಡು ಬಂದ. "ಟಿಂಪನೋಮೆಟ್ರಿ ಎ ಟೈಪ್, ಎಲ್ಲ ನಾರ್ಮಲ್" ಅಂತ ಫೋನ್ ಮಾಡಿದ್ದ. ಎಡಗಿವಿಯಲ್ಲೇ ಕೇಳಿಸಿಕೊಂಡೆ.

"ರಿಫ್ಲೆಕ್ಸ್ ಮಾಡಿದ್ರಾ?" ಅಂದೆ.

ಮಾಡಿಲ್ಲವಂತೆ. ಸೋಮವಾರ ಮತ್ತೆ ಹೋಗುತ್ತಾನೆ.